ಬರ್ಮಾ ಜೋಳದ ಮೇಲೆ ಹೊರಿಸಿದ ಪಾಪ

ಪಿ.ಜೆ. ಬಡಾವಣೆಯ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಸಂಜೆ ಆರರ ಮೇಲೆ ನಿಂತರೆ ದಾವಣಗೆರೆಯ ಆರ್ಥಿಕ ಸಮೀಕ್ಷೆ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಇನ್ನೊಂದರಲ್ಲಿ ಮೆಣಸಿನಕಾಯಿ. ಬಾಯಿ ಮಾತ್ರ ದೇಶದ ಲೆಕ್ಕ ಒಪ್ಪಿಸುತ್ತಿರುತ್ತದೆ. 2025ರ ನವೆಂಬರಿನಲ್ಲಿ ಅಲ್ಲಿ ಕೇಳುತ್ತಿದ್ದುದು ಒಂದೇ ರಾಗ. ‘ಬರ್ಮಾದಿಂದ ಸುಂಕ ಇಲ್ದೆ ಜೋಳ ಬಿಟ್ಕೊಂಡ್ರು ನೋಡ್ರಿ, ಅದಕ್ಕೇ ನಮ್ ಮೆಕ್ಕೆಜೋಳ ಹದಿನೇಳು ನೂರಕ್ಕೆ ಬಂತು.’ ಪಕ್ಕದಲ್ಲಿ ನಿಂತವರು ಹೌದೌದು ಎನ್ನುತ್ತಾರೆ. ಸ್ಕೂಟರಿನ ಮೇಲೆ ಕೂತವರೊಬ್ಬರು ಇನ್ನೊಂದು ಒಗ್ಗರಣೆ ಹಾಕುತ್ತಾರೆ: ‘ಹೊರಗಿನ ಬಾಗ್ಲು ಹಾಕ್ಬಿಡ್ಲಿ, ಇಥೆನಾಲ್ ಫ್ಯಾಕ್ಟರಿಯೋರು ನಮ್ ಕಡೀಗೇ ಬರ್ಬೇಕು. ಎಲ್ಲಿಗೆ ಹೋಗ್ತಾರೆ?’

ಎಷ್ಟು ಸರಳ, ಎಷ್ಟು ಹಿತ. ಬೈಯುವುದಕ್ಕೆ ಪರದೇಶ ಸಿಕ್ಕರೆ ಯಾರಿಗೂ ನೋವಾಗುವುದಿಲ್ಲ. ಪಕ್ಷ ಯಾವುದಾದರೂ ಇರಲಿ, ರೈತ ಸಂಘದ ಬಣ ಯಾವುದಾದರೂ ಇರಲಿ, ಈ ಮಾತಿಗೆ ಎಲ್ಲರ ತಲೆಯೂ ಅಲ್ಲಾಡುತ್ತದೆ. ನನ್ನ ತಲೆ ಅಲ್ಲಾಡಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರ್ಮಾ ಜೋಳ ಬಂದಿದ್ದು ಸುಳ್ಳಲ್ಲ. ವರ್ಷಕ್ಕೆ ಇಪ್ಪತ್ತು, ಮೂವತ್ತು ಲಕ್ಷ ಟನ್ ಮೆಕ್ಕೆಜೋಳವನ್ನು ವಿಯೆಟ್ನಾಂ, ಮಲೇಷ್ಯಾ, ಬಾಂಗ್ಲಾದೇಶಗಳಿಗೆ ಕಳಿಸುತ್ತಿದ್ದ ಭಾರತ 2024ರ ಹೊತ್ತಿಗೆ ತಾನೇ ಕೊಳ್ಳುವ ದೇಶವಾಯಿತು. 2024–25ರಲ್ಲಿ ಸುಮಾರು ಹತ್ತು ಲಕ್ಷ ಟನ್ ಒಳಗೆ ಬಂತು. ಅರ್ಧಕ್ಕಿಂತ ಹೆಚ್ಚು ಬರ್ಮಾದ್ದು, ಅಂದರೆ ಇಂದಿನ ಮ್ಯಾನ್ಮಾರಿನದು, ಉಳಿದದ್ದರಲ್ಲಿ ಹೆಚ್ಚಿನದು ಉಕ್ರೇನಿನದು. ಮೆಕ್ಕೆಜೋಳಕ್ಕೆ ನಮ್ಮ ಆಮದು ಸುಂಕ ಶೇ. 50. ತೀರ ಹಿಂದುಳಿದ ದೇಶಗಳಿಗೆ ಕೊಟ್ಟಿರುವ ರಿಯಾಯಿತಿಯಲ್ಲಿ ಮ್ಯಾನ್ಮಾರಿನದು ಸುಂಕವಿಲ್ಲದೆ ಬರುತ್ತದೆ. ಇದರ ಜೊತೆಗೆ, ಕೋಳಿ ಸಾಕಣೆಯವರು ಬೆಲೆ ಏರಿತೆಂದು ಗೋಳಾಡಿದ ಮೇಲೆ, 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು ಐದು ಲಕ್ಷ ಟನ್ನಿಗೆ ಶೇ. 15ರ ಸುಂಕದ ಕಿಂಡಿಯೊಂದನ್ನು ತೆರೆಯಿತು.

ಈಗ ಇನ್ನೊಂದು ತಕ್ಕಡಿ. ದೇಶದ ಮೆಕ್ಕೆಜೋಳದ ಫಸಲು ಅದೇ ವರ್ಷ ನಾಲ್ಕು ಕೋಟಿ ಟನ್ ದಾಟಿತ್ತು. ಹೊರಗಿನಿಂದ ಬಂದದ್ದು ನೂರರಲ್ಲಿ ಎರಡೂವರೆ ಪಾಲು. ಇಷ್ಟು ಬಂದರೆ ಬೆಲೆಯ ಏರಿಕೆ ಒಂದಿಷ್ಟು ತಗ್ಗೀತು. ಆದರೆ 2,400 ರೂಪಾಯಿ ಬೆಂಬಲ ಬೆಲೆಯ ಸರಕು 1,600ರಿಂದ 1,900ರೊಳಗೆ ಕುಸಿಯುವುದಕ್ಕೆ ಇದು ಸಾಲದು. ನಮ್ಮ ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ನಲವತ್ತು ವರ್ಷ ಕಳೆದವರನ್ನು ಕೇಳಿ ನೋಡಿ. ‘ಹಡಗು ಕಾಣದ ಊರಿನಾಗೆ ಹಡಗಿನ ಮೇಲೆ ಹೇಳೋದು ಸಲೀಸು’ ಎಂದು ನಗುತ್ತಾರೆ.

ಹಾಗಾದರೆ ಜೋಳವನ್ನು ಕೆಡವಿದ್ದು ಯಾವುದು? ಮಳೆ ಚೆನ್ನಾಗಿತ್ತು, ಬಿತ್ತನೆ ಹೆಚ್ಚಿತ್ತು. ಹಿಂದಿನ ಎರಡು ವರ್ಷ ಬೆಲೆ ಕೈ ಹಿಡಿದಿದ್ದರಿಂದ ಶೇಂಗಾ, ಹತ್ತಿ, ತೊಗರಿ ಬಿಟ್ಟು ಎಲ್ಲರೂ ಇದಕ್ಕೇ ಬಂದಿದ್ದರು. ಜಗಳೂರಿನ ಕೆಂಪು ಮಣ್ಣಿನಿಂದ ನ್ಯಾಮತಿಯ ಇಳಿಜಾರಿನವರೆಗೆ, ಮೋಡ ನಂಬಿ ಬಿತ್ತುವ ಹೊಲದಲ್ಲೆಲ್ಲ ಇದೇ ಬೆಳೆ. ಅಷ್ಟು ಹೇಳಿ ಮುಗಿಸಬಹುದಿತ್ತು. ಮುಗಿಸಲಾಗದಂತೆ ಮಾಡಿರುವುದು ಅಕ್ಕಿ.

ಅಕ್ಕಿ ಎಂದರೆ ಭಾರತ ಆಹಾರ ನಿಗಮದ, ಅಂದರೆ ಎಫ್‌ಸಿಐ ಗೋದಾಮಿನ ಅಕ್ಕಿ. ಗೋದಾಮು ತುಂಬಿ ತುಳುಕುತ್ತಿದೆ ಎಂದು ಕೇಂದ್ರ ಸರ್ಕಾರ ಇಥೆನಾಲ್ ಡಿಸ್ಟಿಲರಿಗಳಿಗೆ 52 ಲಕ್ಷ ಟನ್ ಅಕ್ಕಿಯನ್ನು ಕ್ವಿಂಟಲಿಗೆ 2,250 ರೂಪಾಯಿಯಂತೆ ಕೊಡಲು ಒಪ್ಪಿತು. 2025ರ ಜನವರಿಯವರೆಗೆ ಈ ದರ 2,800 ಇತ್ತು, ಇಳಿಸಿದರು. ಇದೇ ಅಕ್ಕಿಯನ್ನು ಕೊಂಡು, ಸಾಗಿಸಿ, ಕಾಪಾಡುವುದಕ್ಕೆ ನಿಗಮಕ್ಕೆ ಬೀಳುವ ವೆಚ್ಚ ಕ್ವಿಂಟಲಿಗೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸು. ಹತ್ತು ಲಕ್ಷ ಟನ್ ಬರ್ಮಾ, ಉಕ್ರೇನ್ ಜೋಳದ ಪಕ್ಕದಲ್ಲಿ 52 ಲಕ್ಷ ಟನ್ ಅಕ್ಕಿ ಇಟ್ಟು ನೋಡಿ. ಒಂದು ಟನ್ ಅಕ್ಕಿಯಿಂದ 450 ಲೀಟರ್, ಒಂದು ಟನ್ ಮೆಕ್ಕೆಜೋಳದಿಂದ 380 ಲೀಟರ್ ಇಥೆನಾಲ್ ಬರುತ್ತದೆ ಎಂಬುದು ಚಾಲ್ತಿಯಲ್ಲಿರುವ ಲೆಕ್ಕ. 52 ಲಕ್ಷ ಟನ್ ಅಕ್ಕಿ ಹೆಚ್ಚುಕಡಿಮೆ 61 ಲಕ್ಷ ಟನ್ ಮೆಕ್ಕೆಜೋಳದ ಜಾಗವನ್ನು ಹಿಡಿಯುತ್ತದೆ. ಕರ್ನಾಟಕ 2025ರ ಮುಂಗಾರಿನಲ್ಲಿ ನಿರೀಕ್ಷಿಸಿದ್ದ ಇಡೀ ಮೆಕ್ಕೆಜೋಳದ ಫಸಲೇ ಸುಮಾರು 55 ಲಕ್ಷ ಟನ್.

ಈ ಅಕ್ಕಿ ಹಡಗಿನಲ್ಲಿ ಬರಲಿಲ್ಲ, ಅದಕ್ಕೆ ಸುಂಕದ ಕಟ್ಟೆಯಿಲ್ಲ, ಅದರ ಮೇಲೆ ಘೋಷಣೆ ಕೂಗಲು ಪರದೇಶದ ಹೆಸರಿಲ್ಲ. ಕಡಿಮೆ ಬೆಲೆಗೆ ಸರಕು ಸುರಿಯುವುದಕ್ಕೆ ವ್ಯಾಪಾರದ ಭಾಷೆಯಲ್ಲಿ ಡಂಪಿಂಗ್ ಎನ್ನುತ್ತಾರೆ. ಪರದೇಶದವನು ಮಾಡಿದರೆ ತನಿಖೆ ನಡೆಸಿ ಪ್ರತಿಸುಂಕ ಹಾಕುತ್ತೇವೆ. ನಮ್ಮದೇ ಗೋದಾಮು ಮಾಡಿದರೆ ಅದು ‘ಹೆಚ್ಚುವರಿ ದಾಸ್ತಾನಿನ ಸದ್ಬಳಕೆ’.

ಇಲ್ಲೊಂದು ಕಹಿ ನೆನಪು ಇಣುಕುತ್ತದೆ. 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆಂದು ಕರ್ನಾಟಕ ಇದೇ ನಿಗಮದಿಂದ ಕೆ.ಜಿ.ಗೆ 34 ರೂಪಾಯಿ ಕೊಟ್ಟು ಅಕ್ಕಿ ಕೊಳ್ಳಲು ಹೋದಾಗ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಿತು. ಅಕ್ಕಿ ಸಿಗದೆ ರಾಜ್ಯ ಸರ್ಕಾರ ತಲೆಗೆ 170 ರೂಪಾಯಿಯಂತೆ ಹಣ ಹಾಕಿತು. 2025ರ ಆರಂಭದಲ್ಲಿ ದರ 22.50ಕ್ಕೆ ಇಳಿದಾಗ ಡಿಸ್ಟಿಲರಿಗೂ ರಾಜ್ಯಕ್ಕೂ ಒಂದೇ ದರದಲ್ಲಿ ಸಿಕ್ಕಿತು, ಆ ಮಟ್ಟಿಗೆ ನ್ಯಾಯ. ಆದರೆ ಒಂದೂವರೆ ವರ್ಷದಲ್ಲಿ ‘ಇಲ್ಲ’ ಎಂಬ ಅಕ್ಕಿ ‘ಸುರಿಯಲು ಜಾಗವಿಲ್ಲ’ ಎಂಬ ಅಕ್ಕಿಯಾದದ್ದು ಮಳೆ ಬೆಳೆಯ ಆಟ ಮಾತ್ರ ಆಗಿರಲಾರದು.

ಇನ್ನು ಎರಡನೆಯ ನಂಬಿಕೆ: ಬಾಗಿಲು ಹಾಕಿದರೆ ಇಥೆನಾಲಿನವರು ನಮ್ಮ ಬಳಿಗೇ ಬರಬೇಕು. ಇಥೆನಾಲಿನ ಮಟ್ಟಿಗೆ ಬಾಗಿಲು ಹಾಕಿಯೇ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಪೆಟ್ರೋಲಿಗೆ ಬೆರೆಸುವ ಇಥೆನಾಲನ್ನು ಹೊರಗಿನಿಂದ ತರುವಂತಿಲ್ಲ. ರಾಸಾಯನಿಕ ಕಾರ್ಖಾನೆಗಳು ತಮ್ಮ ಬಳಕೆಗೆ ತರಿಸಿಕೊಳ್ಳಬಹುದು. 2023ರ ಬಜೆಟ್ಟಿನಲ್ಲಿ ಅದಕ್ಕಿದ್ದ ಮೂಲ ಸುಂಕವನ್ನೂ ತೆಗೆದುಹಾಕಿದರು. ಬಂಕಿನ ಇಥೆನಾಲು ಮಾತ್ರ ಪೂರ್ತಿ ಸ್ವದೇಶಿ. ಅಮೆರಿಕ ಇದನ್ನು ವರ್ಷ ವರ್ಷವೂ ತನ್ನ ವ್ಯಾಪಾರ ದೂರುಗಳ ಪಟ್ಟಿಯಲ್ಲಿ ಬರೆಯುತ್ತಲೇ ಇದೆ. 2018ರ ಜೈವಿಕ ಇಂಧನ ನೀತಿ, ಬೆರಕೆಗೆ ಹೋಗುವ ಇಥೆನಾಲಿಗೆ ಶೇ. 18ರಿಂದ 5ಕ್ಕೆ ಇಳಿಸಿದ ಜಿಎಸ್‌ಟಿ, ತೈಲ ಕಂಪನಿಗಳ ಖಚಿತ ಖರೀದಿ, ಮೊದಲೇ ಪ್ರಕಟವಾಗುವ ದರ, ಇವೆಲ್ಲ ಸೇರಿ ಇದರ ಸುತ್ತ ಕೋಟೆ ಕಟ್ಟಿವೆ. ಕೋಟೆಯೊಳಗೆ ಉದ್ಯಮ ಬೆಳೆದದ್ದು ನಿಜ. 2022ರ ಜೂನ್‌ನಲ್ಲಿ ಶೇ. 10, 2025ರಲ್ಲಿ ಶೇ. 20 ಬೆರಕೆ. ಮೊದಲು 2030ಕ್ಕೆಂದು ಇಟ್ಟ ಗುರಿ ಐದು ವರ್ಷ ಮುಂಚೆಯೇ ಮುಟ್ಟಿತು. ಇದನ್ನು ಸಾಧನೆಯಲ್ಲ ಎನ್ನುವವನಿಗೆ ಬೇರೇನೋ ಹೊಟ್ಟೆಕಿಚ್ಚಿರಬೇಕು.

ನನ್ನ ತಕರಾರು ಕೋಟೆಯ ಬಗ್ಗೆ ಅಲ್ಲ. ಅದು ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆ. ಮಂಡಕ್ಕಿ ಪೊಟ್ಟಣದ ಹಿಂಬದಿಯಲ್ಲೇ ಮಾಡಬಹುದಾದ ಲೆಕ್ಕ ಇದು. ಮೆಕ್ಕೆಜೋಳದ ಇಥೆನಾಲಿಗೆ ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 71.86 ರೂಪಾಯಿ. ಜೋಳ ತುಟ್ಟಿಯಾಯಿತೆಂದು 2024ರ ಜನವರಿಯಲ್ಲಿ 5.79 ರೂಪಾಯಿ ಪ್ರೋತ್ಸಾಹಧನ ಕೂಡಿಸಿ ಈ ಮಟ್ಟಕ್ಕೆ ತಂದರು. ಕಬ್ಬಿನ ಹಾಲಿನ ಇಥೆನಾಲಿಗೆ 65.61. ಧಾನ್ಯವೊಂದಕ್ಕೆ ಇದಕ್ಕಿಂತ ಮೇಲಿನ ದರ ಈ ಪಟ್ಟಿಯಲ್ಲೇ ಇಲ್ಲ. ಒಂದು ಲೀಟರಿಗೆ ಬೇಕಾಗುವ ಜೋಳ 2.63 ಕೆ.ಜಿ. ಬೆಂಬಲ ಬೆಲೆ 2,400ರಂತೆ ಕೊಂಡರೆ ಲೀಟರಿನಲ್ಲಿ ಜೋಳದ ಪಾಲು 63 ರೂಪಾಯಿ. 1,700ರಂತೆ ಕೊಂಡರೆ 45 ರೂಪಾಯಿಗೂ ಕಡಿಮೆ. ನಡುವಿನ ಅಂತರ 18 ರೂಪಾಯಿ. ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಎಂದುಕೊಂಡರೆ ದಿನಕ್ಕೆ 18 ಲಕ್ಷ ರೂಪಾಯಿ.

ಇಷ್ಟೂ ಡಿಸ್ಟಿಲರಿಯ ಜೇಬಿಗೇ ಹೋಯಿತೆಂದು ನಾನು ಹೇಳುವುದಿಲ್ಲ. ಹೊಲದಿಂದ ಘಟಕದವರೆಗೆ ದಲಾಲಿ, ಹಮಾಲಿ, ಲಾರಿ ಬಾಡಿಗೆ, ತೇವಾಂಶದ ಕಡಿತ, ಸಾಲದ ಬಡ್ಡಿ ಎಲ್ಲ ಇದೆ. 2024ರಲ್ಲಿ ಜೋಳ ಬೆಂಬಲ ಬೆಲೆಯನ್ನು ದಾಟಿ ಓಡಿದಾಗ ಇದೇ ಘಟಕಗಳವರು ಕೈ ಸುಟ್ಟುಕೊಂಡೆವೆಂದು ಅತ್ತಿದ್ದರು, ಆ ಅಳುವಿನಲ್ಲಿ ಹುರುಳಿತ್ತು. ನಾನು ಕೇಳುವುದು ಇಷ್ಟೆ: ಜೋಳ ಏರಿದಾಗ ಇಥೆನಾಲ್ ದರ ಏರಿತು. ಜೋಳ ಬಿದ್ದಾಗ 71.86 ಹಾಗೆಯೇ ನಿಂತಿತು. ನಿಂತ ದರದ ಲಾಭ ಬೆಳೆದವನಿಗೆ ಬರಲಿಲ್ಲ, ಪೆಟ್ರೋಲ್ ಹಾಕಿಸಿಕೊಳ್ಳುವವನಿಗೂ ಬರಲಿಲ್ಲ. ಗಡಿಯಲ್ಲಿ ಕಟ್ಟಿದ ಕೋಟೆಯ ಬಾಗಿಲು ಡಿಸ್ಟಿಲರಿಯ ಗೇಟಿನಲ್ಲೇ ಮುಚ್ಚಿಕೊಳ್ಳುತ್ತದೆ. ಗೇಟಿನ ಹೊರಗೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡವನಿಗೆ ಅಂದಿನ ಪೇಟೆಯ ಬೆಲೆಯೇ ಗತಿ.

ಪೆಟ್ರೋಲ್ ಹಾಕಿಸಿಕೊಳ್ಳುವವನ ಮಾತು ಬಂದದ್ದರಿಂದ ಎರಡು ಸಾಲು. ಇಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. 2021ರ ನೀತಿ ಆಯೋಗದ ವರದಿಯೇ ಬೆರಕೆ ಪೆಟ್ರೋಲಿಗೆ ಬೆಲೆ ಕಡಿಮೆ ಇರಬೇಕು ಎಂದಿತ್ತು. ನಾಲ್ಕು ವರ್ಷದ ನಂತರ ಪೆಟ್ರೋಲಿಯಂ ಸಚಿವಾಲಯ, 2025ರ ಜುಲೈ ಕೊನೆಗೆ ಇಥೆನಾಲಿನ ಸರಾಸರಿ ಖರೀದಿ ವೆಚ್ಚ ಲೀಟರಿಗೆ 71.32 ರೂಪಾಯಿ, ಅದು ಶುದ್ಧೀಕರಿಸಿದ ಪೆಟ್ರೋಲಿಗಿಂತ ಹೆಚ್ಚು ಎಂದು ಒಪ್ಪಿಕೊಂಡಿತು. ‘ಇಥೆನಾಲ್ ಬಂದ್ರೆ ಪೆಟ್ರೋಲ್ ಅಗ್ಗ ಆಗುತ್ತೆ’ ಎಂದು ಇದೇ ಸರ್ಕಲ್ಲಿನಲ್ಲಿ ಪಂದ್ಯ ಕಟ್ಟಿದವರು ಸೋತರು. ವಿದೇಶಿ ವಿನಿಮಯ ಉಳಿಯಿತು ಎನ್ನುವುದು ದಿಟ, ಸರ್ಕಾರದ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 1.44 ಲಕ್ಷ ಕೋಟಿ ರೂಪಾಯಿ. ಅದು ದೇಶದ ಖಾತೆಯಲ್ಲಿ ಉಳಿಯಿತು. ಜಗಳೂರಿನ ಖಾತೆಯಲ್ಲಿ ಉಳಿಯಿತೇ ಎಂದು ಯಾರೂ ಕೇಳಲಿಲ್ಲ.

ಕಬ್ಬಿನವರ ಕಥೆ ಇದಕ್ಕಿಂತ ಹೇಗೆ ಬೇರೆ ಎಂದು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ದಾವಣಗೆರೆಯಿಂದ ಅಷ್ಟೇನೂ ದೂರವಿಲ್ಲದ ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಸಕ್ಕರೆ, ವಿದ್ಯುತ್ತಿನ ಜೊತೆಗೆ ಇಥೆನಾಲನ್ನೂ ಮಾಡುತ್ತದೆ. ಭದ್ರಾ ನಾಲೆಯ ನೀರು ಕಂಡ ಕಬ್ಬು ಅಲ್ಲಿಗೆ ಹೋಗುತ್ತದೆ. ವ್ಯಾಪಾರ ನೀತಿಯ ಪೆಟ್ಟು ನಿಜವಾಗಿ ಯಾರಿಗಾದರೂ ಬಿದ್ದಿದ್ದರೆ ಅದು ಈ ಸಕ್ಕರೆಯವರಿಗೆ. 2022ರ ಜೂನ್‌ನಿಂದ ಸಕ್ಕರೆ ರಫ್ತಿಗೆ ಕಡಿವಾಣ. 2023ರ ಡಿಸೆಂಬರ್ 7ರಂದು, ಕಬ್ಬು ನುರಿಸುವ ಕೆಲಸ ಭರದಿಂದ ಸಾಗಿದ್ದಾಗಲೇ, ಕಬ್ಬಿನ ಹಾಲಿನಿಂದ ಇಥೆನಾಲ್ ಮಾಡಕೂಡದು ಎಂಬ ಆದೇಶ. ಸುಮಾರು ಒಂದು ವಾರದಲ್ಲಿ ಅದನ್ನು ಸಡಿಲಿಸಿ 17 ಲಕ್ಷ ಟನ್ ಸಕ್ಕರೆಯಷ್ಟಕ್ಕೆ ಮಿತಿ ಹಾಕಿದರು. 2024ರ ಜನವರಿಯಲ್ಲಿ ಕಾಕಂಬಿ ರಫ್ತಿಗೆ ಶೇ. 50 ಸುಂಕ. ಆಗಸ್ಟಿನಲ್ಲಿ ಇಥೆನಾಲ್ ಮಿತಿ ರದ್ದು. 2025ರ ನವೆಂಬರಿನಲ್ಲಿ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಅನುಮತಿ, ಕಾಕಂಬಿ ಸುಂಕವೂ ಮಾಯ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ ಮಾತ್ರ 2019ರ ಫೆಬ್ರುವರಿಯಲ್ಲಿ ಗೂಟ ಹೊಡೆದ 31 ರೂಪಾಯಿಯಿಂದ ಅಲ್ಲಾಡಲಿಲ್ಲ. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವನಿಗೆ ಬೆಳಿಗ್ಗೆ ಒಂದು ಕಾನೂನು, ಸಂಜೆ ಇನ್ನೊಂದು. ಪೈಪೋಟಿಯ ಶಕ್ತಿ ಎಂದರೆ ಏನೆಂದು ಪುಸ್ತಕದಲ್ಲಿ ಏನಾದರೂ ಬರೆದಿರಲಿ, ನಾಳೆಯ ನಿಯಮ ಇಂದು ಗೊತ್ತಿರುವುದೇ ಅದರ ಅರ್ಧ.

ಇಷ್ಟೆಲ್ಲ ಹೊಯ್ದಾಟದ ನಡುವೆ ಕಬ್ಬು ಬೆಳೆದವನ ಕೈಯಲ್ಲಿ ಒಂದು ಕಾಗದ ಉಳಿದಿತ್ತು. 1966ರ ಕಬ್ಬು ನಿಯಂತ್ರಣ ಆದೇಶ. ಎಫ್‌ಆರ್‌ಪಿಗಿಂತ, ಅಂದರೆ ಕೇಂದ್ರ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ಬೆಲೆಗಿಂತ, ಕಡಿಮೆಗೆ ಕಬ್ಬು ಕೊಳ್ಳುವಂತಿಲ್ಲ, ಹದಿನಾಲ್ಕು ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಬಾಕಿ ಉಳಿಸಿಕೊಳ್ಳುವ ಕಾರ್ಖಾನೆಗಳಿಲ್ಲವೇ? ಇವೆ. ಬಡ್ಡಿ ಕಂಡ ರೈತ ಎಷ್ಟು ಮಂದಿ? ಕಡಿಮೆ. ಆದರೂ 2025ರ ನವೆಂಬರಿನಲ್ಲಿ ಬೆಳಗಾವಿಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಕೂತಾಗ ಅವರ ಜಗಳ ಎಫ್‌ಆರ್‌ಪಿಯ ಮೇಲೆ ಎಷ್ಟು ಎಂಬುದಾಗಿತ್ತು. ಟನ್ನಿಗೆ 3,500 ಕೇಳಿ 3,300ಕ್ಕೆ ಎದ್ದರು. ಅದೇ ತಿಂಗಳು ಗದಗ, ಹಾವೇರಿ, ದಾವಣಗೆರೆಯ ಮೆಕ್ಕೆಜೋಳದವರು ರಸ್ತೆಗಿಳಿದಾಗ ಅವರು ಕೇಳಿದ್ದು ಘೋಷಣೆಯಾದ ಬೆಂಬಲ ಬೆಲೆಯನ್ನೇ. ಮೇಲಿನದನ್ನಲ್ಲ, ಇರುವುದನ್ನು. ಒಬ್ಬನಿಗೆ ನೆಲದ ಮೇಲೆ ನಿಂತು ಅಟ್ಟಕ್ಕೆ ಕೈ ಚಾಚುವ ಜಗಳ, ಇನ್ನೊಬ್ಬನಿಗೆ ಕಾಲಿಡಲು ನೆಲವೇ ಇಲ್ಲ. ಒಂದೇ ಇಥೆನಾಲ್, ಒಂದೇ ಟ್ಯಾಂಕರು, ಒಂದೇ ಬಂಕು.

ಮೆಕ್ಕೆಜೋಳದ ಬೆಂಬಲ ಬೆಲೆ ದಿಲ್ಲಿಯಲ್ಲಿ ಓದುವ ಒಂದು ಅಂಕಿ. ಅದಕ್ಕಿಂತ ಕಡಿಮೆಗೆ ಕೊಂಡವನು ಯಾವ ಕಾನೂನನ್ನೂ ಮುರಿಯುವುದಿಲ್ಲ. ಸರ್ಕಾರ ಬಂದು ಕೊಂಡರೆ ಮಾತ್ರ ಅದಕ್ಕೆ ಜೀವ. ರಾಜ್ಯ ಸರ್ಕಾರ ಆ ನವೆಂಬರಿನಲ್ಲಿ ಡಿಸ್ಟಿಲರಿಗಳು ಬೆಂಬಲ ಬೆಲೆಗೇ ಕೊಳ್ಳಲಿ ಎಂದು ಹೇಳಿ, ಒಬ್ಬ ರೈತನಿಂದ ಇಂತಿಷ್ಟು ಕ್ವಿಂಟಲ್ ಎಂದು ಮಿತಿ ಹಾಕಿ, ಆ ಮಿತಿಯನ್ನು ಆಮೇಲೆ ಹಿಗ್ಗಿಸುತ್ತಾ ಹೋಯಿತು. ಕೇಂದ್ರಕ್ಕೆ ಪತ್ರ, ಕೇಂದ್ರದಿಂದ ಮರುಪತ್ರ. ಕರ್ನಾಟಕದ ಡಿಸ್ಟಿಲರಿಗಳ ಸಾಮರ್ಥ್ಯ 270 ಕೋಟಿ ಲೀಟರ್, ಹಂಚಿಕೆ ಸಿಕ್ಕಿದ್ದು 47 ಕೋಟಿ ಎಂದು ಮುಖ್ಯಮಂತ್ರಿಗಳ ದೂರು. ದೂರಿನ ತೂಕವನ್ನು ಅಲ್ಲಗಳೆಯಲಾರೆ. ಆದರೆ 47 ಅಲ್ಲ, 147 ಕೊಟ್ಟಿದ್ದರೂ ಆ ಡಿಸ್ಟಿಲರಿ ನ್ಯಾಮತಿಯ ಜೋಳವನ್ನು 2,400ಕ್ಕೆ ಕೊಳ್ಳಬೇಕೆಂದು ಯಾವ ಸಾಲಿನಲ್ಲಿ ಬರೆದಿದೆ?

ದಾರಿ ತೋಚಿರಲಿಲ್ಲ ಎನ್ನುವಂತಿಲ್ಲ. 2024ರ ಆರಂಭದಲ್ಲಿ ನಾಫೆಡ್ ಮತ್ತು ಎನ್‌ಸಿಸಿಎಫ್ ಎಂಬ ಸಹಕಾರಿ ಸಂಸ್ಥೆಗಳು ಬೆಂಬಲ ಬೆಲೆಗೆ ಮೆಕ್ಕೆಜೋಳ ಕೊಂಡು ಡಿಸ್ಟಿಲರಿಗಳಿಗೆ ಒದಗಿಸುವ ಏರ್ಪಾಟನ್ನು ಕೇಂದ್ರವೇ ಮಾಡಿತ್ತು. ಆಗ ಪೇಟೆಯ ಬೆಲೆ ಬೆಂಬಲ ಬೆಲೆಗಿಂತ ಮೇಲಿತ್ತು. ಯಾರು ಕೊಟ್ಟಾರು? ಮಳೆಗಾಲದಲ್ಲಿ ಕೊಡೆ ಮಡಚಿ ಬೇಸಿಗೆಯಲ್ಲಿ ಬಿಚ್ಚುವುದು ನಮ್ಮ ಆಡಳಿತದ ಹಳೆಯ ಚಾಳಿ. 2008ರಲ್ಲಿಯೂ ಇದನ್ನು ಕಂಡವರಿದ್ದಾರೆ. ಆ ವರ್ಷ ಜುಲೈನಿಂದ ಅಕ್ಟೋಬರ್ ನಡುವಿನವರೆಗೆ ಮೆಕ್ಕೆಜೋಳ ರಫ್ತನ್ನೇ ನಿಷೇಧಿಸಿದ್ದರು, ಕೋಳಿ ಫಾರ್ಮಿನವರ ಹಿತಕ್ಕೆ. ಬೆಲೆ ಏರಿದರೆ ಬಾಗಿಲಿಗೆ ಕೈ ಹಾಕುತ್ತಾರೆ, 2008ರಲ್ಲಿ ಹೊರಗೆ ಹೋಗುವ ಬಾಗಿಲು, 2024ರಲ್ಲಿ ಒಳಗೆ ಬರುವ ಬಾಗಿಲು. ಬೆಲೆ ಬಿದ್ದಾಗ ಆ ಕೈ ಎಲ್ಲಿರುತ್ತದೆ? ವ್ಯಾಪಾರ ನೀತಿಯನ್ನು ದೂರುವುದಿದ್ದರೆ ಈ ಒಂದೇ ಕಡೆಗೆ ವಾಲುವ ತಕ್ಕಡಿಯನ್ನು ದೂರಬೇಕು. ಅದು ಬರ್ಮಾದಲ್ಲಿ ತಯಾರಾದ ತಕ್ಕಡಿಯಲ್ಲ.

ನನ್ನ ಮಾತು ಕೇಳಿ ಇನ್ನೊಂದು ಗುಂಪು ಹಿಗ್ಗಬಹುದು. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆಯುವ ಕೆಲವು ಪಂಡಿತರು. ಬಾಗಿಲು ಪೂರ್ತಿ ತೆಗೆದುಬಿಡಿ, ಅಮೆರಿಕದ ಇಥೆನಾಲು ಅಗ್ಗ, ಗ್ರಾಹಕನಿಗೆ ಲಾಭ ಎನ್ನುವವರು. 2025ರ ಮೇ ತಿಂಗಳಲ್ಲಿ ನೀತಿ ಆಯೋಗದ ಅಧ್ಯಯನ ಪತ್ರವೊಂದು ಅಮೆರಿಕದ ಕುಲಾಂತರಿ ಮೆಕ್ಕೆಜೋಳವನ್ನು ತಂದು ಇಥೆನಾಲಿಗೆ ಮಾತ್ರ ಬಳಸಬಹುದು ಎಂದು ಸೂಚಿಸಿತ್ತು. ಗದ್ದಲವಾಗಿ ಅದನ್ನು ಹಿಂದಕ್ಕೆ ಪಡೆದರು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಣಿಜ್ಯ ಸಚಿವರು, ಇಷ್ಟೊಂದು ಜನ ಇರುವ ಭಾರತ ನಮ್ಮ ಒಂದು ಬುಟ್ಟಿ ಜೋಳವನ್ನೂ ಕೊಳ್ಳುವುದಿಲ್ಲ ಎಂದು ಸಾರ್ವಜನಿಕವಾಗಿಯೇ ಗೊಣಗಿದರು.

ಈ ಪಂಡಿತರಿಗೆ ಇಂಗ್ಲೆಂಡಿನ ಹಲ್ ಪಟ್ಟಣದ ಕಥೆ ಹೇಳಬೇಕು. ಅಲ್ಲಿ ವಿವರ್ಗೋ ಎಂಬ ದೊಡ್ಡ ಇಥೆನಾಲ್ ಘಟಕವಿತ್ತು, ಸುತ್ತಲಿನ ಯಾರ್ಕ್‌ಶೈರ್ ರೈತರ ಗೋಧಿಯನ್ನು ಕೊಳ್ಳುತ್ತಿತ್ತು. ಬ್ರಿಟನ್ 2025ರ ಮೇ ತಿಂಗಳಲ್ಲಿ ತನ್ನ ಕಾರು, ಉಕ್ಕನ್ನು ಉಳಿಸಿಕೊಳ್ಳಲು ಅಮೆರಿಕದ ಜೊತೆ ಒಪ್ಪಂದ ಮಾಡಿಕೊಂಡಿತು. ಬದಲಿಗೆ 140 ಕೋಟಿ ಲೀಟರ್ ಅಮೆರಿಕನ್ ಇಥೆನಾಲಿಗೆ ಶೇ. 19ರ ಸುಂಕ ಬಿಟ್ಟಿತು. ಆಗಸ್ಟಿನಲ್ಲಿ ವಿವರ್ಗೋ ಮುಚ್ಚಿತು. ಒಪ್ಪಂದದ ಮೇಜಿನಿಂದ ಕಾರ್ಖಾನೆಯ ಬೀಗದವರೆಗೆ ಮೂರೇ ತಿಂಗಳು. ಅಲ್ಲಿನ ಗೋಧಿ ಬೆಳೆಗಾರನನ್ನು ಯಾರೂ ಕೇಳಲಿಲ್ಲ.

ಬಾಗಿಲು ತೆಗೆ ಎಂದು ಉಪದೇಶಿಸುವ ಅಮೆರಿಕವೇ ಬ್ರೆಜಿಲಿನ ಕಬ್ಬಿನ ಇಥೆನಾಲನ್ನು ಮೂರು ದಶಕ ಸುಂಕ ಹಾಕಿ ಹೊರಗಿಟ್ಟ ದೇಶ. ಗ್ಯಾಲನ್ನಿಗೆ 54 ಸೆಂಟ್. 2011ರ ಕೊನೆಯ ದಿನ ಅದು ತಾನಾಗಿ ಬಿತ್ತು, ಆ ಹೊತ್ತಿಗೆ ಅವರ ಜೋಳದ ಇಥೆನಾಲ್ ಉದ್ಯಮ ಯಾರಿಗೂ ಹೆದರದಷ್ಟು ಬೆಳೆದಿತ್ತು. ಬ್ರೆಜಿಲ್ ಈಗ ಅಮೆರಿಕದ ಇಥೆನಾಲಿಗೆ ಶೇ. 18 ಸುಂಕ ಹಾಕುತ್ತದೆ, ತನ್ನ ಪೆಟ್ರೋಲಿಗೆ 2025ರ ಆಗಸ್ಟಿನಿಂದ ಶೇ. 30 ಬೆರೆಸುತ್ತದೆ. ಈ ಆಟದಲ್ಲಿ ಯಾರೂ ಸಾಧುಗಳಲ್ಲ. ಬಾಗಿಲು ಹಾಕಿದವರಲ್ಲಿ ಗೆದ್ದವರಿದ್ದಾರೆ, ತೆಗೆದವರಲ್ಲಿ ಸೋತವರಿದ್ದಾರೆ. ಹಾಕಿದ ಕಾಲದಲ್ಲಿ ಒಳಗೆ ಏನು ಕಟ್ಟಿಕೊಂಡರು ಎಂಬುದಷ್ಟೇ ಲೆಕ್ಕಕ್ಕೆ ಬಂತು.

ಹರಿಹರದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ದಂಡೆಯಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ಒಂದು ಕಾಲಕ್ಕೆ ದೇಶದ ವರ್ಕ್‌ಶಾಪುಗಳಲ್ಲೆಲ್ಲ ತಿರುಗುತ್ತಿದ್ದವು. 1991ರಲ್ಲಿ ದೇಶ ಆಮದಿಗೆ ಬಾಗಿಲು ತೆರೆಯಿತು. ಹತ್ತು ಹನ್ನೆರಡು ವರ್ಷದಲ್ಲಿ ಸೈರನ್ ನಿಂತಿತು. ಕಾರಣ ಆಮದೊಂದೇ ಎಂದರೆ ಆ ಕಾರ್ಖಾನೆಯಲ್ಲಿ ದುಡಿದವರೇ ಒಪ್ಪುವುದಿಲ್ಲ, ಹತ್ತು ಕಾರಣ ಹೇಳುತ್ತಾರೆ. ನಾನು ಹೇಳುವುದೂ ಅದನ್ನೇ. ಬೇಲಿ ಇದ್ದಷ್ಟು ದಿನ ಬೇಲಿಯೇ ಕಾಯುತ್ತದೆ ಎಂದು ನಂಬಿ ಕೂರುವುದು, ಬಿದ್ದಾಗ ಬೇಲಿಯನ್ನೇ ಬೈಯುವುದು, ಎರಡನ್ನೂ ಈ ಊರು ನೋಡಿಯಾಗಿದೆ. ಅದೇ ಹರಿಹರ ತಾಲ್ಲೂಕಿನ ಹನಗವಾಡಿ ಕೈಗಾರಿಕಾ ಪ್ರದೇಶಕ್ಕೆ ಮಂಗಳೂರಿನ ಎಂಆರ್‌ಪಿಎಲ್, ದಿನಕ್ಕೆ 60 ಸಾವಿರ ಲೀಟರಿನ ಎರಡನೇ ತಲೆಮಾರಿನ ಇಥೆನಾಲ್ ಘಟಕವನ್ನು ಯೋಜಿಸಿತ್ತು. ಕಾಳಿನಿಂದ ಅಲ್ಲ, ಮೆಕ್ಕೆಜೋಳದ ದಂಟು, ಬೆಂಡಿನಂಥ ಕೃಷಿ ತ್ಯಾಜ್ಯದಿಂದ ಮಾಡುವ ಇಥೆನಾಲು. ಕಾಳಿಗೆ ಬೆಲೆ ಬಿದ್ದ ವರ್ಷ ದಂಟಿಗೊಂದು ಬೆಲೆ ಹುಟ್ಟಿದ್ದರೆ ಅದು ಯಾವ ಸುಂಕಕ್ಕಿಂತಲೂ ಹತ್ತಿರದ ನೆರವಾಗುತ್ತಿತ್ತು.

ಈಗ ಬರುತ್ತಿರುವ ಸರಕಿನ ಬಗ್ಗೆಯೂ ಎಚ್ಚರ ಬೇಕು, ಆದರೆ ಅದು ಮೆಕ್ಕೆಜೋಳದ ವೇಷದಲ್ಲಿಲ್ಲ. ಜೋಳದಿಂದ ಇಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಹಿಂಡಿಗೆ ಡಿಡಿಜಿಎಸ್ ಎನ್ನುತ್ತಾರೆ. ಕೋಳಿ, ದನಗಳ ಮೇವಿಗೆ ಅದು ಹೋಗುತ್ತದೆ. ನಮ್ಮದೇ ಡಿಸ್ಟಿಲರಿಗಳ ಹಿಂಡಿ ಪೇಟೆಗೆ ಬಂದು ಸೋಯಾ ಹಿಂಡಿಯ ಬೆಲೆಯನ್ನು ಆಗಲೇ ಜಗ್ಗಿದೆ, ಬೀದರ್, ಕಲಬುರಗಿಯ ಸೋಯಾದವರು ಅದರ ಬಿಸಿ ಉಂಡಿದ್ದಾರೆ. 2026ರ ಫೆಬ್ರುವರಿಯ ಭಾರತ–ಅಮೆರಿಕ ಜಂಟಿ ಹೇಳಿಕೆಯಲ್ಲಿ ಸುಂಕ ಇಳಿಸುವ ಪಟ್ಟಿಯಲ್ಲಿ ಈ ಹಿಂಡಿಯೂ ಇದೆ, ಪಶು ಆಹಾರದ ಕೆಂಪು ಜೋಳವೂ ಇದೆ. ಅಮೆರಿಕದ ಇಥೆನಾಲು ಮುಂಬಾಗಿಲಿನಲ್ಲಿ ಬರಲಿಲ್ಲ, ಅದರ ಹಿಂಡಿ ಹಿತ್ತಲ ಬಾಗಿಲಿಗೆ ಬಂದು ನಿಂತಿದೆ. ಡಿಸ್ಟಿಲರಿಯ ಆದಾಯದಲ್ಲಿ ಹಿಂಡಿಯ ಪಾಲು ಸಣ್ಣದಲ್ಲ. ಹಿಂಡಿಯ ಬೆಲೆ ಬಿದ್ದರೆ ಆ ನಷ್ಟವನ್ನು ಅವರು ಯಾರ ಮೇಲೆ ಇಳಿಸುತ್ತಾರೆ? ತೈಲ ಕಂಪನಿಯ ದರ ನಿಗದಿಯಾಗಿದೆ. ಉಳಿದಿರುವುದು ಜೋಳ ಕೊಳ್ಳುವ ದರ ಒಂದೇ.

ಆದ್ದರಿಂದ ಸುಂಕ ಏರಿಸಿ ಎಂಬ ಮನವಿಗೆ ಸಹಿ ಹಾಕಿಸಿಕೊಳ್ಳಲು ಬಂದವರಿಗೆ ನಾನು ಸಹಿ ಹಾಕಿದ್ದೇನೆ. ಮ್ಯಾನ್ಮಾರಿನ ರಿಯಾಯಿತಿಗೆ ಸುಗ್ಗಿಯ ನಾಲ್ಕು ತಿಂಗಳು ತಡೆ ಇರಲಿ, ಒಳ್ಳೆಯದೇ. ಆದರೆ ಅದರಿಂದ 1,700 ರೂಪಾಯಿ 2,400 ಆಗುತ್ತದೆಂದು ಯಾರಾದರೂ ನಂಬಿದ್ದರೆ ಮುಂದಿನ ಸುಗ್ಗಿಯಲ್ಲೂ ಇದೇ ಸರ್ಕಲ್ಲಿನಲ್ಲಿ ಇದೇ ಮಾತು ಆಡಬೇಕಾಗುತ್ತದೆ. 2025–26ಕ್ಕೆ ತೈಲ ಕಂಪನಿಗಳು 1,050 ಕೋಟಿ ಲೀಟರ್ ಕೇಳಿದವು, ಡಿಸ್ಟಿಲರಿಗಳು 1,776 ಕೋಟಿ ಲೀಟರ್ ಕೊಡಲು ಮುಂದೆ ಬಂದವು. ಮಾರುವವರ ಸಾಲು ಅಷ್ಟು ಉದ್ದವಿರುವಾಗ ಕೊಳ್ಳುವವನು ಹಾಕುವ ಷರತ್ತಿಗೆ ಬೆಲೆಯಿದೆ. ಮೂರು ತೈಲ ಕಂಪನಿಗಳೂ ಸರ್ಕಾರದ್ದೇ. ಮೆಕ್ಕೆಜೋಳದ ಇಥೆನಾಲಿಗೆ 71.86 ರೂಪಾಯಿ ಬೇಕೆಂದರೆ, ಆ ಜೋಳಕ್ಕೆ ಬೆಂಬಲ ಬೆಲೆ ಕೊಟ್ಟ ಎಪಿಎಂಸಿ ರಸೀದಿ ಬಿಲ್ಲಿನ ಜೊತೆಗಿರಬೇಕು. ಇಲ್ಲದಿದ್ದರೆ ಪೇಟೆಯ ಬೆಲೆಗೆ ತಕ್ಕಂತೆ ಇಥೆನಾಲಿನ ದರವೂ ಇಳಿಯಬೇಕು, ಇಳಿದದ್ದು ಬಂಕಿನ ಬೋರ್ಡಿನಲ್ಲಿ ಕಾಣಬೇಕು. ಎರಡರಲ್ಲಿ ಯಾವುದಾದರೂ ಸರಿ. ಇದಕ್ಕೆ ವಿಶ್ವ ವ್ಯಾಪಾರ ಸಂಸ್ಥೆಯ ಅಪ್ಪಣೆ ಬೇಕಿಲ್ಲ, ಅಮೆರಿಕದ ಮುನಿಸಿಗೆ ಹೆದರಬೇಕಿಲ್ಲ, ಟೆಂಡರಿನಲ್ಲಿ ಒಂದು ಕಲಮು ಸೇರಿಸಿದರೆ ಸಾಕು.

ನಮ್ಮ ಭಾಗದ ಸಂಸದರಲ್ಲಿ, ಅವರು ಯಾವ ಪಕ್ಷದವರೇ ಆಗಿರಲಿ, ಒಂದೇ ಕೋರಿಕೆ. ಬರ್ಮಾದಿಂದ ಎಷ್ಟು ಟನ್ ಬಂತು ಎಂದು ಲೋಕಸಭೆಯಲ್ಲಿ ಕೇಳಿ ಆಗಿದ್ದರೆ, ಮುಂದಿನ ಅಧಿವೇಶನದಲ್ಲಿ ಇದನ್ನು ಕೇಳಿ: ಕಳೆದ ಸಾಲಿನಲ್ಲಿ ಲೀಟರಿಗೆ 71.86 ರೂಪಾಯಿಯಂತೆ ಕೊಂಡ ಇಥೆನಾಲಿನ ಹಿಂದಿದ್ದ ಮೆಕ್ಕೆಜೋಳಕ್ಕೆ ರೈತನ ಕೈಗೆ ಕ್ವಿಂಟಲಿಗೆ ಎಷ್ಟು ಸಿಕ್ಕಿತು?